ಪ್ರಯೋಗಾಲಯಕ್ಕೂ ಹಟ್ಟಿಗೂ ನಡುವಣ ದಾರಿ

‘ಕೋಶಕೃಷಿ’ ಎಂಬ ಪದ ನಮ್ಮ ವಾಚಕರಲ್ಲಿ ಬಹುಮಂದಿಗೆ ಇನ್ನೂ ಹೊಸದು. ಪ್ರಾಣಿಯನ್ನು ಸಾಕಿ, ಕೊಂದು ಮಾಂಸ ಪಡೆಯುವುದಕ್ಕೆ ಬದಲಾಗಿ, ಜೀವಂತ ಪ್ರಾಣಿಯ ಸ್ನಾಯುವಿನಿಂದ ಒಂದಿಷ್ಟು ಅಂಗಾಂಶವನ್ನು ತೆಗೆದು, ಅದರ ಕೋಶಗಳನ್ನು ಸಕ್ಕರೆ, ಅಮೈನೊ ಆಮ್ಲ ಹಾಗೂ ಲವಣಗಳು ಬೆರೆತ ದ್ರವದಲ್ಲಿ, ಉಕ್ಕಿನ ತೊಟ್ಟಿಯೊಳಗೆ, ಪ್ರಾಣಿದೇಹದ ಶಾಖದಲ್ಲಿಯೇ ಇರಿಸಿ ಮಾಂಸವಾಗಿ ಬೆಳೆಸುವ ವಿದ್ಯೆಗೆ ಈ ಹೆಸರು. ಹಾಲಿನಲ್ಲಿರುವ ಪ್ರೋಟೀನನ್ನು ಹಸುವಿನ ನೆರವಿಲ್ಲದೆ ಸೂಕ್ಷ್ಮಜೀವಿಗಳಿಂದ ತಯಾರಿಸುವುದೂ ಇದರ ಒಂದು ಕವಲು. 2013ರ ಆಗಸ್ಟ್ ತಿಂಗಳಿನಲ್ಲಿ ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕ ಮಾರ್ಕ್ ಪೋಸ್ಟ್ ಅವರು ಇಂತಹ ಮಾಂಸದ ಮೊದಲ ತುಣುಕನ್ನು ಲಂಡನ್ನಿನಲ್ಲಿ ಬಹಿರಂಗವಾಗಿ ಬೇಯಿಸಿ ಬಡಿಸಿದರು. ಆ ಒಂದು ತುಣುಕಿಗೆ ತಗಲಿದ ವೆಚ್ಚ ಸುಮಾರು 2,50,000 ಯೂರೋ. 2020ರ ಡಿಸೆಂಬರಿನಲ್ಲಿ ಸಿಂಗಾಪುರವು ಕೋಶದಿಂದ ಬೆಳೆದ ಕೋಳಿಮಾಂಸದ ಮಾರಾಟಕ್ಕೆ ಒಪ್ಪಿಗೆ ನೀಡಿತು. 2023ರ ಜೂನಿನಲ್ಲಿ ಅಮೆರಿಕವೂ ಒಪ್ಪಿತು.

ಈ ಮಾಂಸವನ್ನು ತಪಸ್ಸುಕಾಲದ ಶುಕ್ರವಾರ ತಿನ್ನಬಹುದೇ ಎಂದು ನಮ್ಮನ್ನು ಕೇಳುವ ಚತುರ ಯುವಕರಿದ್ದಾರೆ. ಕೋಳಿಯ ಕೋಶದಿಂದ ಬೆಳೆದದ್ದು ಕೋಳಿಯ ಮಾಂಸವೇ ಎಂದು ನಮ್ಮ ಅಭಿಪ್ರಾಯ. ಆ ಪ್ರಶ್ನೆಯ ವಿನೋದಕ್ಕಿಂತ ಗಂಭೀರವಾದ ಬೇರೊಂದು ಪ್ರಶ್ನೆ ಇಲ್ಲಿದೆ.

ಈ ವಿದ್ಯೆಯ ಸಂಶೋಧನೆಗೆ ಈಗ ಸಾರ್ವಜನಿಕ ಹಣ ಹರಿಯತೊಡಗಿದೆ. 2021ರಲ್ಲಿ ಅಮೆರಿಕದ ಕೃಷಿ ಇಲಾಖೆಯೇ ಟಫ್ಟ್ಸ್ ವಿಶ್ವವಿದ್ಯಾನಿಲಯಕ್ಕೆ ಒಂದು ಕೋಟಿ ಡಾಲರ್ ಅನುದಾನವನ್ನು ನೀಡಿತು. 2022ರಲ್ಲಿ ನೆದರ್ಲೆಂಡ್ಸ್ ಸರಕಾರ ಆರು ಕೋಟಿ ಯೂರೋವನ್ನು ಇದಕ್ಕೆಂದೇ ತೆಗೆದಿರಿಸಿತು. ನಮ್ಮ ದೇಶದಲ್ಲಿ 2019ರಲ್ಲಿ ಜೈವಿಕ ತಂತ್ರಜ್ಞಾನ ಇಲಾಖೆಯು ಹೈದರಾಬಾದಿನ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರಕ್ಕೂ ಅದೇ ನಗರದ ರಾಷ್ಟ್ರೀಯ ಮಾಂಸ ಸಂಶೋಧನಾ ಕೇಂದ್ರಕ್ಕೂ ಧನಸಹಾಯ ಮಂಜೂರು ಮಾಡಿತು. 2024ರ ಆರಂಭದಲ್ಲಿ ಕೊಚ್ಚಿಯ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯು ಕೋಶಗಳಿಂದ ಮೀನಿನ ಮಾಂಸ ಬೆಳೆಸುವ ಕಾರ್ಯಕ್ಕೆ ಖಾಸಗಿ ಸಂಸ್ಥೆಯೊಂದರೊಡನೆ ಕೈಜೋಡಿಸಿತು. ಹಣ ಬಂದಲ್ಲಿ ಫೆಲೋಶಿಪ್‌ಗಳು ಬರುತ್ತವೆ. ಕೋಶಕೃಷಿಯನ್ನೂ ಪರಂಪರೆಯ ವ್ಯವಸಾಯವನ್ನೂ ಬೆಸೆಯುವ ಸಂಶೋಧಕರಿಗೇ ವಿಶೇಷ ಫೆಲೋಶಿಪ್ ನೀಡಬೇಕೆಂಬ ಚಿಂತನೆಯೂ ಈಗ ಮೂಡಿದೆ. ಇಂಗ್ಲೆಂಡಿನಲ್ಲಿ 1845ರಷ್ಟು ಹಿಂದೆ ಸ್ಥಾಪಿತವಾದ ರಾಯಲ್ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧಕರು ರೈತರೊಡನೆ ಕುಳಿತು, ಈ ಮಾಂಸ ಬಂದರೆ ನಿಮ್ಮ ಗತಿಯೇನು, ಇದರಲ್ಲಿ ನಿಮಗೆ ಪಾಲುಂಟೇ ಎಂದು ವಿಚಾರಿಸಿದ್ದಾರೆ.

ಈ ಚಿಂತನೆಯನ್ನು ನಾವು ಮನಃಪೂರ್ವಕವಾಗಿ ಸ್ವಾಗತಿಸುತ್ತೇವೆ. ಆದರೆ ಸೇತುವೆಯನ್ನು ಯಾವ ದಡದಿಂದ ಕಟ್ಟಲಾಗುತ್ತದೆ ಎಂಬುದನ್ನು ನೋಡಬೇಕು. ರೈತನ ಬಳಿಗೆ ಹೋಗಿ ಪ್ರಶ್ನಾವಳಿಗೆ ಉತ್ತರ ಬರೆಯಿಸಿಕೊಂಡು ಬರುವುದು ಒಂದು. ಯಾವ ಪ್ರಶ್ನೆಯನ್ನು ಸಂಶೋಧಿಸಬೇಕು ಎಂಬುದನ್ನು ರೈತನೊಡನೆ ಕೂಡಿ ನಿರ್ಣಯಿಸುವುದು ಇನ್ನೊಂದು. ಮೊದಲನೆಯದರಲ್ಲಿ ರೈತ ಮಾಹಿತಿಯ ಮೂಲ ಮಾತ್ರ; ಎರಡನೆಯದರಲ್ಲಿ ಅವನು ಸಂಶೋಧನೆಯ ಕರ್ತೃಗಳಲ್ಲಿ ಒಬ್ಬ.

ನಮ್ಮ ಕರಾವಳಿಯ ಹಟ್ಟಿಯನ್ನೇ ತೆಗೆದುಕೊಳ್ಳೋಣ. ಇಲ್ಲಿ ಎರಡು ಹಸು ಕಟ್ಟಿದ ಮನೆಯವರು ಡೇರಿಗೆ ಹಾಕುವ ಹಾಲಿನ ಲೆಕ್ಕವನ್ನು ಬರೆದು ನೋಡಿದರೆ, ಹಿಂಡಿಯ ಬೆಲೆ ಕಳೆದ ಮೇಲೆ ಉಳಿಯುವುದು ಅತ್ಯಲ್ಪ. ಹಾಗಾದರೆ ಹಸುವನ್ನು ಏಕೆ ಸಾಕುತ್ತಾರೆ? ಹಟ್ಟಿಗೆ ದಿನವೂ ಹಾಸುವ ಸೊಪ್ಪು, ಒಣ ಎಲೆ, ಅದರ ಮೇಲೆ ಬಿದ್ದ ಸಗಣಿ, ಗಂಜಲ, ಇವೆಲ್ಲ ಸೇರಿ ಗೊಬ್ಬರವಾಗಿ ಅಡಿಕೆಯ ಬುಡಕ್ಕೆ, ಭತ್ತದ ಗದ್ದೆಗೆ, ಶಂಕರಪುರದ ಮಲ್ಲಿಗೆಯ ಗಿಡಕ್ಕೆ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಹಸುವಿನ ಮುಖ್ಯ ಫಲ ಗೊಬ್ಬರ, ಹಾಲು ಉಪಫಲ. ಬೈಹುಲ್ಲು ಹಸುವಿಗೆ, ಗೊಬ್ಬರ ಗದ್ದೆಗೆ, ಗದ್ದೆಯಿಂದ ಮರಳಿ ಬೈಹುಲ್ಲು. ಅಡುಗೆಮನೆಯ ತೌಡು, ಗಂಜಿನೀರು, ತರಕಾರಿಯ ಸಿಪ್ಪೆ ತಿಂದು ಬೆಳೆಯುವ ಮನೆಯ ಹಂದಿಯ ಕತೆಯೂ ಇಂಥದೇ. ಮದುವೆಯ ಖರ್ಚಿಗೆ ಅಥವಾ ಮಗಳ ಕಾಲೇಜಿನ ಶುಲ್ಕಕ್ಕೆ ಅದು ನಡೆದಾಡುವ ಠೇವಣಿ.

ಉಕ್ಕಿನ ತೊಟ್ಟಿ ಸಗಣಿ ಹಾಕುವುದಿಲ್ಲ. ಒಂದು ಕಿಲೋ ಪ್ರೋಟೀನಿಗೆ ಎಷ್ಟು ನೀರು, ಎಷ್ಟು ವಿದ್ಯುತ್ತು, ಎಷ್ಟು ಭೂಮಿ ಎಂದು ಎರಡು ಬಗೆಯ ಉತ್ಪಾದನೆಗಳನ್ನು ತೂಗಿ ನೋಡುವ ಸಂಶೋಧಕನ ತಕ್ಕಡಿಯಲ್ಲಿ ಈ ಗೊಬ್ಬರಕ್ಕೆ ತಟ್ಟೆಯೇ ಇರದಿದ್ದರೆ ಅವನ ಲೆಕ್ಕ ಕಾಗದದ ಮೇಲೆ ಸರಿಯಾಗಿದ್ದೂ ನಮ್ಮೂರಿಗೆ ತಪ್ಪಾಗುತ್ತದೆ. ಅವನು ಅಪ್ರಾಮಾಣಿಕನೆಂದಲ್ಲ. ಹಟ್ಟಿಯಲ್ಲಿ ಒಂದು ಮಳೆಗಾಲವನ್ನು ಕಳೆಯದವನಿಗೆ ಆ ಪ್ರಶ್ನೆ ಹೊಳೆಯುವುದೇ ಇಲ್ಲ. ತೊಟ್ಟಿಯಾದರೂ ಆಕಾಶದಿಂದ ಆಹಾರ ಪಡೆಯುವುದಿಲ್ಲ. ಅದಕ್ಕೆ ಬೇಕಾದ ಸಕ್ಕರೆ, ಅಮೈನೊ ಆಮ್ಲಗಳು ಜೋಳ, ಕಬ್ಬು, ಸೋಯಾಗಳಿಂದ ಬರಬೇಕು. ಎಂದ ಮೇಲೆ ಹೊಲ ಉಳಿಯುತ್ತದೆ. ಯಾರ ಹೊಲ ಉಳಿಯುತ್ತದೆ ಎಂಬುದೇ ಪ್ರಶ್ನೆ. ಸಾವಿರ ಎಕರೆಯ ಏಕಬೆಳೆಯೋ, ಎರಡೆಕರೆಯ ಮಿಶ್ರಬೆಳೆಯೋ?

ಹೊಲದ ವಸ್ತುವನ್ನು ಪ್ರಯೋಗಾಲಯ ತಯಾರಿಸಿದ್ದು ಇದೇ ಮೊದಲಲ್ಲ. 1897ರಲ್ಲಿ ಜರ್ಮನಿಯ ಕಾರ್ಖಾನೆಯ ಕೃತಕ ನೀಲಿ ಮಾರುಕಟ್ಟೆಗೆ ಬಂದಿತು. ಬಿಹಾರದ ಐರೋಪ್ಯ ನೀಲಿ ತೋಟಗಾರರು ಕೈಕಟ್ಟಿ ಕೂರಲಿಲ್ಲ. ರಸಾಯನ ವಿಜ್ಞಾನಿಗಳನ್ನು ನೇಮಿಸಿ, ಗಿಡದಿಂದ ಹೆಚ್ಚು ಬಣ್ಣ ತೆಗೆಯುವ ಬಗೆಯನ್ನು ಶೋಧಿಸಿದರು. ಆ ಶೋಧದ ವಿಷಯ ಗಿಡ ಮತ್ತು ತೊಟ್ಟಿ. ಪ್ರತಿ 20 ಕಠ್ಠಾ ಭೂಮಿಯಲ್ಲಿ 3 ಕಠ್ಠಾ ನೀಲಿ ಬೆಳೆಯಲೇಬೇಕೆಂಬ ಕಟ್ಟಿಗೆ ಸಿಲುಕಿದ್ದ ಗೇಣಿದಾರ ಅದರಲ್ಲಿ ಎಲ್ಲಿಯೂ ಇರಲಿಲ್ಲ. ಬೆಲೆ ಕುಸಿದಾಗ ಚಂಪಾರಣ್ಯದ ತೋಟಗಾರರು ಮಾಡಿದ್ದೇನು? ನೀಲಿ ಬೆಳೆಯುವ ಬಂಧನದಿಂದ ಬಿಡಿಸುತ್ತೇವೆಂದು ಗೇಣಿದಾರರ ಗೇಣಿಯನ್ನು ಏರಿಸಿದರು. ಹಲವರಿಂದ ‘ತಾವಾನ್’ ಎಂಬ ಇಡುಗಂಟನ್ನೂ ವಸೂಲು ಮಾಡಿದರು. ನಷ್ಟ ಬಂದದ್ದು ಜರ್ಮನಿಯಿಂದ. ತೆತ್ತವನು ಬಿಹಾರದ ಬಡವ. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋಗಿ ಸಾವಿರಾರು ರೈತರ ಹೇಳಿಕೆಗಳನ್ನು ಒಂದೊಂದಾಗಿ ಬರೆಯಿಸಿಕೊಂಡರು. 1918ರ ಕಾಯಿದೆ ಆ ಬಂಧನವನ್ನು ತೊಡೆಯಿತು. ಕೃತಕ ನೀಲಿ ಮಾರುಕಟ್ಟೆಗೆ ಬಂದು ಆಗ ಎರಡು ದಶಕಗಳೇ ಕಳೆದಿದ್ದವು.

ನಮ್ಮವರಿಗೆ ಇಷ್ಟು ದೂರದ ಉದಾಹರಣೆ ಬೇಡವೆಂದಾದರೆ ವೆನಿಲ್ಲಾ ಇದೆ. 2000ದಲ್ಲಿ ಮಡಗಾಸ್ಕರಿಗೆ ಚಂಡಮಾರುತ ಬಡಿದ ಬಳಿಕ ಬೆಲೆ ಏರಿದ್ದು, ದಕ್ಷಿಣ ಕನ್ನಡದಿಂದ ಮಲೆನಾಡಿನವರೆಗೆ ಅಡಿಕೆಯ ಮರಮರಕ್ಕೂ ಬಳ್ಳಿ ಹಬ್ಬಿಸಿದ್ದು, ಬೆಳಗಾಗುತ್ತಲೇ ಹೆಂಗಸರು ಒಂದೊಂದೇ ಹೂವನ್ನು ಕೈಯಿಂದ ಪರಾಗಸ್ಪರ್ಶ ಮಾಡಿದ್ದು, ಕೋಡುಗಳಿಗೆ ರಾತ್ರಿ ಕಾವಲು ಕೂತದ್ದು ಇನ್ನೂ ಹಲವರ ನೆನಪಿನಲ್ಲಿದೆ. ಕೆಲವೇ ವರ್ಷಗಳಲ್ಲಿ ಬೆಲೆ ನೆಲಕಚ್ಚಿತು. ಎಲ್ಲೆಡೆ ಬೆಳೆ ಹೆಚ್ಚಿದ್ದು ಒಂದು ಕಾರಣ. ಬೆಲೆ ತಾಳಲಾರದ ದೊಡ್ಡ ಖರೀದಿದಾರರು ಕೃತಕ ವೆನಿಲಿನ್‌ಗೆ ಹೊರಳಿದ್ದು ಇನ್ನೊಂದು. ಆ ಕೃತಕ ವೆನಿಲಿನ್ ನಿನ್ನೆ ಮೊನ್ನೆಯದಲ್ಲ. 1874ರಷ್ಟು ಹಿಂದೆಯೇ ಜರ್ಮನಿಯಲ್ಲಿ ಸಿದ್ಧವಾಗಿತ್ತು. ಬಳ್ಳಿಯ ನಾಟಿ ಕ್ರಮವನ್ನು ಕಲಿಸಿದ ಶಿಬಿರಗಳಲ್ಲಿ ಎಷ್ಟು ಕಡೆ ಈ ಒಂದು ಸಂಗತಿಯನ್ನು ರೈತರಿಗೆ ಹೇಳಲಾಗಿತ್ತು?

ಇದರ ಎದುರಿಗೆ ಬೇರೊಂದು ಚಿತ್ರವನ್ನು ಇಡಬೇಕು. 1830ರ ದಶಕದಲ್ಲಿ, ಈಗಿನ ಚೆಕ್ ದೇಶದ ಬ್ರನೋ ಪಟ್ಟಣದಲ್ಲಿ, ಕುರಿ ಸಾಕುವವರ ಸಂಘವೊಂದಿತ್ತು. ಒಳ್ಳೆಯ ಉಣ್ಣೆಯ ಗುಣ ತಂದೆತಾಯಿಯಿಂದ ಮರಿಗೆ ಹೇಗೆ ಇಳಿಯುತ್ತದೆ ಎಂಬುದು ಅವರ ಜೀವನೋಪಾಯದ ಪ್ರಶ್ನೆ. ಅವರ ಚರ್ಚೆಗಳಲ್ಲಿ ಪಾಲುಗೊಳ್ಳುತ್ತಿದ್ದ ಅಗಸ್ಟೀನಿಯನ್ ಮಠಾಧಿಪತಿ ಸಿರಿಲ್ ನಾಪ್, ಆನುವಂಶಿಕವಾಗಿ ಬರುವುದು ಏನು, ಹೇಗೆ ಎಂಬುದನ್ನೇ ಮೊದಲು ಕೇಳಬೇಕೆಂದು ಸೂಚಿಸಿದರು. ಅದೇ ಮಠಕ್ಕೆ 1843ರಲ್ಲಿ ಸೇರಿದ ತರುಣ ಗ್ರೆಗರ್ ಮೆಂಡೆಲ್ ರೈತನ ಮಗ. ಜಮೀನುದಾರನಿಗೆ ಬಿಟ್ಟಿ ದುಡಿಯುವಾಗ ಮರದ ದಿಮ್ಮಿ ಬಡಿದು ತಂದೆ ಗಾಯಗೊಂಡಿದ್ದರು. ಓದು ನಿಲ್ಲುವ ಸ್ಥಿತಿ ಬಂದಾಗ ತಂಗಿ ತೆರೇಸಿಯಾ ತನ್ನ ವರದಕ್ಷಿಣೆಯ ಪಾಲನ್ನು ಅಣ್ಣನಿಗೆ ಕೊಟ್ಟಳು. ಮಠಾಧಿಪತಿ ಆತನನ್ನು ವಿಯೆನ್ನಾಕ್ಕೆ ಕಳುಹಿಸಿ ಓದಿಸಿದರು. 1856ರಿಂದ 1863ರವರೆಗೆ ಸುಮಾರು 28,000 ಬಟಾಣಿ ಗಿಡಗಳನ್ನು ಬೆಳೆಸಿ, ಎಣಿಸಿ, ಆತ 1865ರಲ್ಲಿ ಓದಿದ ಪ್ರಬಂಧದ ಮೇಲೆ ಇಂದಿನ ಆನುವಂಶಿಕ ವಿಜ್ಞಾನ ನಿಂತಿದೆ.

ಕೋಶಕೃಷಿಯ ಫೆಲೋಶಿಪ್‌ಗೆ ಇದಕ್ಕಿಂತ ಉತ್ತಮ ಮಾದರಿ ನಮಗೆ ಕಾಣದು. ಪ್ರಶ್ನೆ ಬಂದದ್ದು ಕುರಿದೊಡ್ಡಿಯಿಂದ. ಮೊದಲ ವಿದ್ಯಾರ್ಥಿವೇತನ ಬಂದದ್ದು ರೈತನ ಮಗಳ ವರದಕ್ಷಿಣೆಯಿಂದ. ಮೆಂಡೆಲ್ ಆ ಸಾಲವನ್ನು ಮರೆಯಲಿಲ್ಲ. ತಂಗಿಯ ಮೂವರು ಗಂಡುಮಕ್ಕಳ ಓದಿಗೆ ಮುಂದೆ ನೆರವಾದರು.

ಧರ್ಮಸಭೆಯ ಬೋಧನೆಯೂ ಈ ದಿಕ್ಕಿನಲ್ಲಿಯೇ ಇದೆ. ಸ್ವತಃ ಗೇಣಿ ಕುಟುಂಬದಲ್ಲಿ ಹುಟ್ಟಿದ ಪೋಪ್ 23ನೇ ಜಾನ್ ಅವರು 1961ರ ‘ಮಾತೆರ್ ಎತ್ ಮಜಿಸ್ತ್ರಾ’ ವಿಶ್ವಪತ್ರದಲ್ಲಿ, ಕೃಷಿಕರ ಏಳಿಗೆಯ ಮುಖ್ಯ ಕರ್ತೃಗಳು ಕೃಷಿಕರೇ ಆಗಿರಬೇಕು ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ದಿವಂಗತ ಪೋಪ್ ಫ್ರಾನ್ಸಿಸರು 2015ರ ‘ಲಾವ್ದಾತೊ ಸಿ’ಯಲ್ಲಿ ಕುಲಾಂತರಿ ಬೆಳೆಗಳನ್ನು ಕುರಿತು ಬರೆಯುವಾಗ ತಂತ್ರಜ್ಞಾನವನ್ನು ಸಾರಾಸಗಟಾಗಿ ಖಂಡಿಸಲಿಲ್ಲ, ಸಣ್ಣ ಉತ್ಪಾದಕರು ಭೂಮಿ ಕಳೆದುಕೊಳ್ಳುವುದನ್ನು ಎತ್ತಿ ತೋರಿಸಿ, ರೈತರೂ ಸೇರಿದಂತೆ ಪರಿಣಾಮಕ್ಕೆ ಒಳಗಾಗುವ ಎಲ್ಲರೂ ಚರ್ಚೆಯಲ್ಲಿರಬೇಕು ಎಂದರು.

ಹಾಗಾದರೆ ನಿಷೇಧಿಸಿಬಿಡಬಾರದೇ ಎಂದು ಕೇಳುವವರಿದ್ದಾರೆ. ಇಟಲಿ 2023ರಲ್ಲಿ, ಅಮೆರಿಕದ ಫ್ಲೋರಿಡಾ 2024ರಲ್ಲಿ ಹಾಗೆ ಮಾಡಿದವು. ನಮಗೆ ಇದು ಹಿಡಿಸದು. ಕಿಕ್ಕಿರಿದ ಗೂಡುಗಳಲ್ಲಿ ಪ್ರಾಣಿಗಳನ್ನು ಯಂತ್ರದಂತೆ ಬೆಳೆಸಿ ಕೊಲ್ಲುವ ಕೈಗಾರಿಕೆಯನ್ನು ಕಂಡ ಯಾವ ಕ್ರೈಸ್ತನೂ ಬೇರೊಂದು ದಾರಿಯ ಶೋಧವನ್ನು ಹಗುರಾಗಿ ತಳ್ಳಿಹಾಕಲಾರ. ಅಲ್ಲದೆ ಇಲ್ಲಿ ನಿಷೇಧಿಸಿದರೆ ಕೋಶದ ಶೋಧ ಬೇರೆಡೆ ನಡೆಯುತ್ತದೆ, ನಮ್ಮ ರೈತನ ಪ್ರಶ್ನೆ ಇಲ್ಲದೆಯೇ ನಡೆಯುತ್ತದೆ.

ನಮ್ಮ ಕೈಯಲ್ಲಿ ಆಗುವ ಕೆಲಸವೂ ಇದೆ. ಕರಾವಳಿಯ ಕ್ರೈಸ್ತ ಕಾಲೇಜುಗಳಲ್ಲಿ ಜೀವತಂತ್ರಜ್ಞಾನ ಓದುವ ಮಕ್ಕಳಿದ್ದಾರೆ. ಅವರಲ್ಲಿ ಹಲವರ ಮನೆಯಲ್ಲಿ ಹಟ್ಟಿ ಇನ್ನೂ ಇದೆ. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜಿದೆ. ಮೀನಿನ ಕೋಶವನ್ನು ಕೊಚ್ಚಿಯಲ್ಲಿ ಬೆಳೆಸುವಾಗ ಮಲ್ಪೆಯ ದೋಣಿಯವನಿಗೂ, ಬುಟ್ಟಿ ಹೊತ್ತು ಮಾರುವ ಹೆಂಗಸಿಗೂ ಏನಾದೀತು ಎಂಬುದನ್ನು ಅಭ್ಯಸಿಸಲು ಇದಕ್ಕಿಂತ ತಕ್ಕ ಸ್ಥಳ ಯಾವುದು? ವಿದ್ಯೆಗಾಗಿ ದತ್ತಿನಿಧಿ ಇರಿಸಿರುವ ನಮ್ಮ ಸಂಘಗಳೂ ದಾನಿಗಳೂ ವರ್ಷಕ್ಕೆ ಒಂದೇ ಒಂದು ಫೆಲೋಶಿಪ್ಪನ್ನು ಈ ಉದ್ದೇಶಕ್ಕೆ ಕೊಡಲಾಗದೇ? ಷರತ್ತುಗಳು ಹೆಚ್ಚು ಬೇಡ. ಫೆಲೋ ಆದವನು ಅಥವಾ ಆದವಳು ಒಂದು ಪೂರ್ಣ ವರ್ಷ, ಮುಂಗಾರಿನಿಂದ ಮುಂಗಾರಿನವರೆಗೆ, ರೈತ ಕುಟುಂಬವೊಂದರ ಹಟ್ಟಿ, ಗದ್ದೆಗಳ ಲೆಕ್ಕವನ್ನು ಆ ಮನೆಯವರೊಡನೆ ಕೂಡಿ ಬರೆಯಬೇಕು. ಆ ಮೇಲೆ ಪ್ರಬಂಧದ ಪ್ರಶ್ನೆಯನ್ನು ಗೊತ್ತುಮಾಡಬೇಕು.

ಕೋಶದ ಒಡೆತನವನ್ನೂ ಮರೆಯುವಂತಿಲ್ಲ. ಸಸ್ಯ ತಳಿಗಳ ವಿಷಯದಲ್ಲಿ 2001ರ ಕೇಂದ್ರ ಕಾಯಿದೆ ರೈತನ ಹಕ್ಕನ್ನು ಹೆಸರಿಸಿಯೇ ಮನ್ನಿಸಿದೆ; 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಲಾಭದ ಹಂಚಿಕೆಯ ತತ್ತ್ವವಿದೆ. ತಲೆಮಾರುಗಳಿಂದ ಒಂದು ಮನೆ ಕಾಪಾಡಿಕೊಂಡು ಬಂದ ಮಲೆನಾಡು ಗಿಡ್ಡದ ತೊಡೆಯಿಂದ ಕೋಶ ತೆಗೆದಾಗ ಆ ಮನೆಗೆ ಏನು ಸಲ್ಲಬೇಕು ಎಂಬುದನ್ನು ಸೂಜಿ ಚುಚ್ಚುವ ಮೊದಲೇ, ಅವರಿಗೆ ಅರ್ಥವಾಗುವ ಕನ್ನಡದಲ್ಲಿ, ಬರೆದು ಸಹಿ ಮಾಡಬೇಕು.

ಇನ್ನು ಅರ್ಜಿಯ ನಮೂನೆ. ಅದರಲ್ಲಿ ‘ಮಾರ್ಗದರ್ಶಕರು’ ಎಂಬ ಕಡೆ ಪ್ರಾಧ್ಯಾಪಕರ ಹೆಸರಿಗೆ ಒಂದು ಗೆರೆ ಇರುತ್ತದೆ. ಅದರ ಕೆಳಗೆ ರೈತನದೋ ರೈತ ಮಹಿಳೆಯದೋ ಹೆಸರಿಗೆ ಎರಡನೆಯ ಗೆರೆಯನ್ನು ಎಳೆಯಬೇಕು. ಪ್ರಾಧ್ಯಾಪಕರಿಗೆ ಸಲ್ಲುವ ಗೌರವಧನ ಅವರಿಗೂ ಸಲ್ಲಬೇಕು.