ಗಣಿ ಸಿಕ್ಕರೆ ಸಾಲದು, ವಿದ್ಯೆಯೂ ಬೇಕು

ರಸ್ತೆಗಳಲ್ಲಿ ಹಸಿರು ನಂಬರ್ ಪ್ಲೇಟಿನ ಸ್ಕೂಟರ್‌ಗಳು ಹೆಚ್ಚುತ್ತಿವೆ. ಅವನ್ನು ಇಲ್ಲೇ ಜೋಡಿಸುತ್ತೇವೆ ನಿಜ. ಆದರೆ ಒಳಗಿರುವ ಬ್ಯಾಟರಿ ಸೆಲ್‌ಗಳಲ್ಲಿ ಬಹುಪಾಲು ಇಂದಿಗೂ ಬರುವುದು ಹೊರಗಿನಿಂದ, ಮುಖ್ಯವಾಗಿ ಚೀನಾದಿಂದ. ಪಾವಗಡದ ಬಿಸಿಲಿನ ವಿದ್ಯುತ್ತನ್ನು ರಾತ್ರಿಗೆ ಕೂಡಿಡಬೇಕೆಂದರೂ ಇಂಥ ಸೆಲ್‌ಗಳೇ ಬೇಕು.

ಈ ಅವಲಂಬನೆ ತಗ್ಗಿಸಲು ಸರ್ಕಾರಿ ಸ್ವಾಮ್ಯದ ‘ಕಾಬಿಲ್’ ಸಂಸ್ಥೆ 2024ರ ಜನವರಿಯಲ್ಲಿ ಅರ್ಜೆಂಟೀನಾದ ಕಟಮಾರ್ಕಾ ಪ್ರಾಂತ್ಯದೊಂದಿಗೆ ಒಪ್ಪಂದ ಮಾಡಿಕೊಂಡಿತು. ಅಲ್ಲಿನ 15,703 ಹೆಕ್ಟೇರ್ ವ್ಯಾಪ್ತಿಯ ಐದು ಬ್ಲಾಕ್‌ಗಳಲ್ಲಿ ಲಿಥಿಯಂ ಹುಡುಕುವ ಹಕ್ಕು ನಮಗೆ ಸಿಕ್ಕಿದೆ. ನಮ್ಮ ಮಂಡ್ಯದ ಮರ್ಲಗಲ್ಲದಲ್ಲಿ ಅಂದಾಜಿಸಿರುವುದು ಕೇವಲ 1,600 ಟನ್. ಹಾಗಾಗಿ ಇದು ಬೇಕಾಗಿದ್ದ ಹೆಜ್ಜೆಯೇ.

ಆದರೆ ಲಿಥಿಯಂ ಸಿಕ್ಕ ಮಾತ್ರಕ್ಕೆ ಬ್ಯಾಟರಿ ಆಗುವುದಿಲ್ಲ. ಅದನ್ನು ಉಪ್ಪುನೀರಿನಿಂದ ಬೇರ್ಪಡಿಸಿ, ಶುದ್ಧೀಕರಿಸಿ, ಕ್ಯಾಥೋಡ್ ಪುಡಿ ಮಾಡಿ, ಆಮೇಲೆ ಸೆಲ್ ತಯಾರಿಸಬೇಕು. ಈ ನಡುವಿನ ಹಂತಗಳಲ್ಲಿ ಚೀನಾದ್ದೇ ಮೇಲುಗೈ. 2025ರ ಜುಲೈನಲ್ಲಿ ಅದು ಕ್ಯಾಥೋಡ್ ತಯಾರಿಕೆ ಹಾಗೂ ಲಿಥಿಯಂ ಸಂಸ್ಕರಣೆಯ ಕೆಲವು ತಂತ್ರಜ್ಞಾನಗಳನ್ನು ರಫ್ತು ಮಾಡಲು ಸರ್ಕಾರದ ಪರವಾನಗಿ ಕಡ್ಡಾಯಗೊಳಿಸಿತು. ಅಂದರೆ, ಬೀಗ ಬಿದ್ದಿರುವುದು ವಿದ್ಯೆಗೆ.

ದೇಶದಲ್ಲೇ ಸೆಲ್ ತಯಾರಿಸಲು ಕೇಂದ್ರ ಸರ್ಕಾರ 2021ರಲ್ಲೇ 18,100 ಕೋಟಿ ರೂಪಾಯಿಯ ಯೋಜನೆ ಘೋಷಿಸಿದೆ. ಹಣದ ಜೊತೆಗೆ ಕೆಲಸ ಬಲ್ಲ ಕೈಗಳೂ ಬೇಕಲ್ಲವೇ? ಜಪಾನ್, ಕೊರಿಯಾ, ಯುರೋಪ್‌ಗಳೊಂದಿಗೆ ಮಾಡಿಕೊಳ್ಳುವ ಒಪ್ಪಂದಗಳಲ್ಲಿ ಜಂಟಿ ಪ್ರಯೋಗಾಲಯ ಮತ್ತು ನಮ್ಮ ಎಂಜಿನಿಯರ್‌ಗಳಿಗೆ ಅಲ್ಲಿನ ಕಾರ್ಖಾನೆಗಳಲ್ಲಿ ತರಬೇತಿಯನ್ನೂ ಸೇರಿಸಬೇಕು. ಎಂಜಿನಿಯರಿಂಗ್‌ನ ಹೆಚ್ಚಿನ ವಿಭಾಗಗಳಲ್ಲಿ ರಸಾಯನಶಾಸ್ತ್ರ ಮೊದಲ ವರ್ಷಕ್ಕೇ ಮುಗಿದುಹೋಗುತ್ತದೆ. ಬ್ಯಾಟರಿ ಉದ್ಯಮದಲ್ಲಿ ನಮಗೆ ಸಿಗುವುದು ಬರೀ ಜೋಡಣೆಯ ಕೆಲಸವೋ, ಸಂಶೋಧನೆಯ ಕೆಲಸವೋ ಎಂಬುದು ಅಲ್ಲೇ ನಿರ್ಧಾರವಾಗುತ್ತದೆ.