ಜಾಲಹಳ್ಳಿಯ ವಾಲ್ವು, ಗಿಟಾರಿನ ನಾದ

ರಾಜ್ಯೋತ್ಸವದ ತಿಂಗಳು ಬಂತೆಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಬೀದಿಗಳಲ್ಲಿ ವೇದಿಕೆಗಳೆದ್ದು ಆರ್ಕೆಸ್ಟ್ರಾ ತಂಡಗಳಿಗೆ ಬಿಡುವೇ ಇಲ್ಲದಂತಾಗುತ್ತದೆ. ಅಂಥದೊಂದು ತಂಡದ ಗಿಟಾರ್ ವಾದಕನ ಕೈಗೆ ಹಳೆಯ ವಾಲ್ವ್ ಆಂಪ್ಲಿಫೈಯರೊಂದು ಬಂದಿದೆಯೆಂದು ಭಾವಿಸಬಹುದು. ಅದರ ದನಿ ಮಂಕಾಗಿದೆ. ಬಲ್ಲವರ ಸಲಹೆ ತಲೆಗೊಂದು: ಯೂರೋಪಿನ ಹಳೆಯ ವಾಲ್ವುಗಳನ್ನೇ ತರಿಸಬೇಕೆಂದು ಒಬ್ಬರು, ಎಣ್ಣೆಯಲ್ಲಿ ನೆನೆಸಿದ ಕಾಗದದ ಕಂಡೆನ್ಸರುಗಳನ್ನು ಹಾಕಬೇಕೆಂದು ಇನ್ನೊಬ್ಬರು. ಎಲ್ಲರ ಮಾತನ್ನೂ ನಡೆಸಹೊರಟರೆ ಒಂದು ಋತುವಿನ ಗಳಿಕೆಯೆಲ್ಲ ಅಲ್ಲಿಗೇ ಸಲ್ಲುತ್ತದೆ. ಯಾವ ಭಾಗವನ್ನು ಬದಲಿಸಿದರೆ ಕಿವಿಗೆ ಕೇಳಿಸೀತು, ಯಾವುದರಿಂದ ಜೇಬಿಗಷ್ಟೇ ತಿಳಿದೀತು?

ವಾಲ್ವಿನಿಂದಲೇ ತೊಡಗುವುದು ಯುಕ್ತ. ರಾಜಾಜಿನಗರಕ್ಕೆ ಉತ್ತರದಲ್ಲಿ, ಅನತಿದೂರದಲ್ಲಿಯೇ ಇರುವ ಜಾಲಹಳ್ಳಿಯಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1961ರಲ್ಲಿ ರೇಡಿಯೊ ವಾಲ್ವುಗಳ ತಯಾರಿಕೆಯನ್ನು ಆರಂಭಿಸಿತು. ಅಲ್ಲಿ ತಯಾರಾದುವುಗಳಲ್ಲಿ ಇಎಲ್ 84 ಒಂದು. ಹೆಬ್ಬೆರಳಿನ ಗಾತ್ರದ, ಒಂಬತ್ತು ಕಾಲುಗಳ ಈ ವಾಲ್ವು ಮನೆಯ ರೇಡಿಯೊಗಳಲ್ಲಿ ವಾರ್ತೆ ಕೇಳಿಸಿದಂತೆಯೇ, ಇಂಗ್ಲೆಂಡಿನ ವಾಕ್ಸ್ ಎಸಿ 30 ಎಂಬ ಪ್ರಸಿದ್ಧ ಗಿಟಾರ್ ಆಂಪ್ಲಿಫೈಯರಿನಲ್ಲಿ ನಾಲ್ಕು ಕೂಡಿ ಹಾಡಿತು. ಜಾಲಹಳ್ಳಿಯಲ್ಲಿ ಈ ಜಾತಿಯ ವಾಲ್ವುಗಳ ತಯಾರಿಕೆ ನಿಂತು ಬಹುಕಾಲವಾಯಿತು. ಉಳಿದ ಸರಕನ್ನು ಈಗ ಹೊರದೇಶದವರೂ ಹುಡುಕಿ ಕೊಳ್ಳುತ್ತಾರೆ. ಮನೆಯ ಅಟ್ಟದ ಮೇಲಿರುವ ರೇಡಿಯೊದ ಬೆಲೆ ಮನೆಯವರಿಗೆ ಕೊನೆಗೆ ತಿಳಿಯುವುದು ಹೊಸತೇನಲ್ಲ!

ಆದರೆ ಒಂದೇ ಸಂಖ್ಯೆಯ ಎರಡು ಒಳ್ಳೆಯ ವಾಲ್ವುಗಳಲ್ಲಿ ಮುದ್ರೆಯಿಂದಾಗುವ ಭೇದ ಅಲ್ಪ. ಸವೆದ ವಾಲ್ವಿಗೂ ಸವೆಯದ ವಾಲ್ವಿಗೂ ಇರುವ ಭೇದವೇ ಬಹಳ. ಸಂಖ್ಯೆ ಬದಲಾದರಂತೂ ಮಾತೇ ಬೇರೆ. ಇಸಿಸಿ 83ರ ವರ್ಧನಾಂಕ 100, ಇಸಿಸಿ 81ರದು ಸುಮಾರು 60. ಮೊದಲ ಹಂತದಲ್ಲಿ ಇದನ್ನಿಟ್ಟರೆ ಆಂಪ್ಲಿಫೈಯರು ಒರಟಾಗುವ ಮುನ್ನ ಹೆಚ್ಚು ಕಾಲ ಸೌಮ್ಯವಾಗಿರುತ್ತದೆ.

ಕಂಡೆನ್ಸರಿನ ವಿಷಯದಲ್ಲಿಯೂ ಹೆಸರಿಗಿಂತ ಅಳತೆಯೇ ಮುಖ್ಯ. ಗಿಟಾರಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 82 ಬಾರಿ ಕಂಪಿಸುತ್ತದೆ. ಎರಡು ಹಂತಗಳ ನಡುವೆ 0.022 ಮೈಕ್ರೊಫ್ಯಾರಡ್ ಕಂಡೆನ್ಸರೂ ಮುಂದೆ 10 ಲಕ್ಷ ಓಮಿನ ರೆಸಿಸ್ಟರೂ ಇದ್ದರೆ, ಸೆಕೆಂಡಿಗೆ 7 ಕಂಪನಗಳವರೆಗಿನ ನಾದವೂ ದಾಟಿಹೋಗುತ್ತದೆ. ಅದರ ಹತ್ತನೆಯ ಒಂದು ಪಾಲಿನ ಕಂಡೆನ್ಸರನ್ನಿಟ್ಟರೆ ಆ ಎಲ್ಲೆ 72ಕ್ಕೇರಿ, ದಪ್ಪ ತಂತಿಯ ಬಲದಲ್ಲಿ ಕಾಲುಭಾಗ ಅಲ್ಲಿಯೇ ಉಳಿಯುತ್ತದೆ. ಇದು ಯಾರ ಕಿವಿಗೂ ತಿಳಿಯುವಂಥದು. ಅದೇ ಅಳತೆಯ ಎರಡು ಕಂಪೆನಿಗಳ ಕಂಡೆನ್ಸರುಗಳನ್ನು ಕಣ್ಣುಮುಚ್ಚಿ ಕೇಳಿ ಗುರುತಿಸುವವರು ವಿರಳ. ಹಳೆಯದು ಸೋರುತ್ತಿದ್ದರೆ ಮಾತ್ರ ತಡಮಾಡಬಾರದು: ಹಿಂದಿನ ಹಂತದ ವೋಲ್ಟೇಜು ಮುಂದಿನ ವಾಲ್ವಿನ ಗ್ರಿಡ್ಡಿಗೆ ಹರಿದು, ವಾಲ್ವು ಕೆಂಪಗೆ ಕಾದು ಕೆಟ್ಟೀತು.

ಇನ್ನೂ ಅಗ್ಗದ ಮಾರ್ಪಾಟು ಕ್ಯಾಥೋಡಿನ ಕಂಡೆನ್ಸರಿನಲ್ಲಿದೆ. ಇಸಿಸಿ 83ರ ಸಾಮಾನ್ಯ ಜೋಡಣೆಯಲ್ಲಿ ಅದಿದ್ದರೆ ಒಂದು ಹಂತವು ಸುಮಾರು 60 ಪಟ್ಟು ವರ್ಧಿಸುತ್ತದೆ, ಇಲ್ಲದಿದ್ದರೆ ಸುಮಾರು 30. ಅಮೆರಿಕದ ಫೆಂಡರ್ ಆಂಪ್ಲಿಫೈಯರುಗಳಲ್ಲಿ ಇಲ್ಲಿ 25 ಮೈಕ್ರೊಫ್ಯಾರಡ್ ಇದ್ದು ಮಂದ್ರ, ತಾರಗಳೆರಡೂ ಸಮನಾಗಿ ಏರುತ್ತವೆ. ಇಂಗ್ಲೆಂಡಿನ ಮಾರ್ಷಲ್ ಬಳಸಿದ 0.68ರಿಂದ ಮಂದ್ರ ಹಿಂದೆ ಸರಿದು ಮೇಲಿನ ಸ್ವರಗಳು ಮೊನಚಾಗುತ್ತವೆ. ಎಸ್.ಪಿ. ರಸ್ತೆಯಲ್ಲಿ ಈ ಚಿಕ್ಕ ಭಾಗಕ್ಕೆ ಕೊಡಬೇಕಾದುದು ಒಂದು ಊಟದ ಬೆಲೆಗಿಂತ ಕಡಿಮೆ.

ಇನ್ನು ಟ್ರಾನ್ಸ್‌ಫಾರ್ಮರು. ಸುಟ್ಟ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನು ವೈಂಡಿಂಗ್ ಅಂಗಡಿಗೆ ಕೊಡುವ ಮುನ್ನ ನಾಲ್ಕು ಮಾತು ಆಡಬೇಕು. ಇಎಲ್ 84ರ ಜೋಡಿಗೆ 8000 ಓಮಿನ ಹೊರೆ ಬೇಕು. ಸ್ಪೀಕರು 8 ಓಮಿನದಾದರೆ ಸುತ್ತುಗಳ ಪ್ರಮಾಣ ಸುಮಾರು 32ಕ್ಕೆ 1. ಪ್ರಮಾಣವೊಂದು ಸರಿಯಾದರೆ ಸಾಲದು. ಪ್ರೈಮರಿಯನ್ನೆಲ್ಲ ಒಮ್ಮೆಗೇ ಸುತ್ತಿ ಅದರ ಮೇಲೆ ಸೆಕೆಂಡರಿಯನ್ನು ಸುತ್ತಿದರೆ ತಾರದ ಸ್ವರಗಳು ಕುಗ್ಗುತ್ತವೆ. ಎರಡನ್ನೂ ಪದರಪದರವಾಗಿ ಹೆಣೆದಂತೆ ಸುತ್ತಬೇಕು. ಮೋಟಾರು, ಮಿಕ್ಸಿಗಳ ಕೆಲಸದಲ್ಲಿ ಕೈಪಳಗಿದವರು ಇದನ್ನು ತಾವಾಗಿಯೇ ಮಾಡಲಾರರು, ಹೇಳಿದರೆ ಮಾಡಬಲ್ಲರು. ಸುಟ್ಟದ್ದನ್ನು ಬಿಚ್ಚುವಾಗ ಪದರಗಳನ್ನು ಎಣಿಸಿ ಬರೆದಿಡುವಂತೆ ಕೇಳಿಕೊಂಡರೆ ಅರ್ಧ ಕೆಲಸ ಆದಂತೆಯೇ. ದನಿ ಉಳಿಯುವುದೂ ಅಳಿಯುವುದೂ ಹೆಚ್ಚಾಗಿ ಈ ಅಂಗಡಿಯಲ್ಲಿ.

ಒಳಗೆ ಕೈಹಾಕುವವರು ನೆನಪಿಡಬೇಕಾದುದೊಂದಿದೆ. ಪ್ಲಗ್ಗು ಕಿತ್ತ ಮೇಲೂ ಫಿಲ್ಟರ್ ಕಂಡೆನ್ಸರುಗಳಲ್ಲಿ 300 ವೋಲ್ಟಿಗೂ ಮೀರಿ ಉಳಿದಿರಬಹುದು; ಅದು ಪ್ರಾಣವನ್ನೇ ತೆಗೆದೀತು. ಸರಿಯಾದ ರೆಸಿಸ್ಟರಿನ ಮೂಲಕ ಅದನ್ನು ಬರಿದುಮಾಡಿ, ಮೀಟರಿನಲ್ಲಿ ನೋಡಿದ ಬಳಿಕವೇ ಮುಟ್ಟಬೇಕು. ಆ ಅಭ್ಯಾಸವಿಲ್ಲದವರು ಬಲ್ಲ ಮೆಕ್ಯಾನಿಕ್ಕಿಗೆ ಒಪ್ಪಿಸುವುದೇ ಲೇಸು.

ಅದಕ್ಕೂ ಮೊದಲು ಮಾಡಬಹುದಾದ, ಖರ್ಚಿಲ್ಲದ ಪರೀಕ್ಷೆಯೊಂದುಂಟು. ಆಂಪ್ಲಿಫೈಯರನ್ನು ಆರಿಸಿ, ಅಷ್ಟೇ ಓಮಿನ, ಅದರ ಶಕ್ತಿಯನ್ನು ತಾಳುವ ಬೇರೊಂದು ಸ್ಪೀಕರನ್ನು ಗೆಳೆಯರಿಂದ ತಂದು ಜೋಡಿಸಿ ನುಡಿಸಿ ನೋಡಬಹುದು. ಮಂಕುತನ ಎಷ್ಟೋ ವೇಳೆ ಆ ಕಾಗದದ ಕೋನಿನಲ್ಲಿಯೇ ಇರುತ್ತದೆ. ಸ್ಪೀಕರಿಲ್ಲದೆ ಮಾತ್ರ ಆಂಪ್ಲಿಫೈಯರನ್ನು ನಡೆಸಕೂಡದು. ನಡೆಸಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರು ಕಿಡಿಹಾರಿ ಸುಟ್ಟುಹೋದೀತು.