ವಾಕ್ಯಶುದ್ಧಿಯ ಪ್ರಶ್ನೆ

ವಾಣಿಜ್ಯಾಡಳಿತದ ಉನ್ನತ ವ್ಯಾಸಂಗಕ್ಕಾಗಿ ನಮ್ಮ ತರುಣರು ಬರೆಯುವ ಜಿಮ್ಯಾಟ್ ಪರೀಕ್ಷೆಯಿಂದ ವಾಕ್ಯ ತಿದ್ದುವ ಪ್ರಶ್ನೆಗಳು ತೆಗೆಯಲ್ಪಟ್ಟಿವೆ. ಅಂದಿನಿಂದ 'ಇನ್ನು ಇಂಗ್ಲಿಷ್ ವ್ಯಾಕರಣದ ಗೊಡವೆ ನಮಗಿಲ್ಲ' ಎಂಬ ಮಾತು ವಿದ್ಯಾರ್ಥಿಗಳಲ್ಲಿಯೂ ಅವರ ಪಾಲಕರಲ್ಲಿಯೂ ಕೇಳಿಬರುತ್ತಿದೆ. ಈ ಮಾತು ಸರಿಯಲ್ಲವೆಂದೂ, ಅದರಿಂದ ವಿಶೇಷವಾಗಿ ನಮ್ಮ ಕನ್ನಡದ ಮಕ್ಕಳಿಗೇ ನಷ್ಟವೆಂದೂ ನಮ್ಮ ದೃಢವಾದ ಅಭಿಪ್ರಾಯ.

1954ರಲ್ಲಿ ಅಮೇರಿಕೆಯಲ್ಲಿ ಬೇರೊಂದು ಹೆಸರಿನಿಂದ ಆರಂಭವಾದ ಈ ಪರೀಕ್ಷೆಗೆ ಈಗಿನ ಹೆಸರು ಬಂದುದು 1976ರಲ್ಲಿ. ವಾಕ್ಯ ತಿದ್ದುವುದು ಬಹುಕಾಲ ಅದರ ಮುಖ್ಯ ಅಂಗವಾಗಿತ್ತು. ಒಂದು ಉದ್ದನೆಯ ವಾಕ್ಯ. ಅದರ ಒಂದಂಶಕ್ಕೆ ಅಡಿಗೆರೆ. ಕೆಳಗೆ ಐದು ಉತ್ತರಗಳು. ಅವುಗಳಲ್ಲಿ ಮೊದಲನೆಯದು ಮೂಲದ ಯಥಾಪ್ರತಿ. ಯಾವುದು ಶುದ್ಧವೆಂದು ನಿರ್ಣಯಿಸಬೇಕು. 2023ರ ನವೆಂಬರಿನಲ್ಲಿ ಪರೀಕ್ಷೆಯ ಹೊಸ ರೂಪ ಬಂದಿತು. 2024ರ ಜನವರಿ 31ಕ್ಕೆ ಹಳೆಯದು ಮುಗಿಯಿತು. ಈಗ ಭಾಷಾವಿಭಾಗದಲ್ಲಿ 45 ನಿಮಿಷಗಳಲ್ಲಿ 23 ಪ್ರಶ್ನೆಗಳು. ಗದ್ಯವನ್ನೋದಿ ಅರ್ಥಮಾಡಿಕೊಳ್ಳುವುದು ಮತ್ತು ವಾದದ ಬಲಾಬಲವನ್ನು ತೂಗುವುದು ಇಷ್ಟೇ ಉಳಿದಿವೆ.

ವಾಕ್ಯ ತಿದ್ದುವ ವಿದ್ಯೆ ಕಾನ್ವೆಂಟಿನಲ್ಲಿ ಕಲಿತವರ ಸೊತ್ತು, ನಗರಪಾಲಿಕೆಯ ಕನ್ನಡ ಶಾಲೆಯಿಂದ ಬಂದವರಿಗೆ ಅದು ಎಟುಕದು ಎಂಬ ನಂಬುಗೆ ನಮ್ಮ ಜನರಲ್ಲಿ ಬೇರೂರಿದೆ. ವಾಸ್ತವ ಸಂಗತಿ ಇದಕ್ಕೆ ತೀರ ವಿರುದ್ಧವಾದುದು. ಬಾಲ್ಯದಿಂದ ಇಂಗ್ಲಿಷಿನಲ್ಲಿ ಮಾತನಾಡಿದವನು ಕಿವಿಯ ಮೇಲೆ ಭಾರ ಹಾಕುತ್ತಾನೆ. ಕೇಳಲು ಹಿತವಾದುದನ್ನು ಶುದ್ಧವೆನ್ನುತ್ತಾನೆ. ಈ ಪ್ರಶ್ನೆಗಳಾದರೋ ಕಿವಿ ಮೋಸಹೋಗುವ ಎಡೆಯಲ್ಲಿಯೇ ಬಲೆಯೊಡ್ಡುತ್ತಿದ್ದುವು.

ಒಂದು ಉದಾಹರಣೆಯನ್ನು ನೋಡೋಣ. 'ದಿ ಪ್ರೈಸ್ ಆಫ್ ವೆಜಿಟಬಲ್ಸ್ ಹ್ಯಾವ್ ರಿಸನ್.' ವೆಜಿಟಬಲ್ಸ್ ಎಂಬ ಬಹುವಚನದ ಬೆನ್ನಿಗೇ ಹ್ಯಾವ್ ಬಂದುದರಿಂದ ಕಿವಿಗೆ ದೋಷ ತಟ್ಟುವುದಿಲ್ಲ. ಆದರೆ ಏರಿದ್ದು ತರಕಾರಿಗಳಲ್ಲ, ಬೆಲೆ. ಆದುದರಿಂದ 'ಹ್ಯಾಸ್' ಎಂದಿರಬೇಕು. ಕನ್ನಡದಲ್ಲಿ ನಾವು 'ತರಕಾರಿಗಳ ಬೆಲೆ ಏರಿದೆ' ಎನ್ನುತ್ತೇವೆಯೇ ಹೊರತು 'ಏರಿವೆ' ಎನ್ನುವುದಿಲ್ಲ. ತರಕಾರಿಗಳ ಎಂಬುದು ಷಷ್ಠೀ ವಿಭಕ್ತಿ. ಅದು ಕರ್ತೃವಾಗಲಾರದೆಂದು ಪ್ರತ್ಯಯವೇ ಸಾರುತ್ತದೆ. ಹಾಗೆಯೇ, 'ಮುಂಬಯಿಯ ಬಾಡಿಗೆ ಪುಣೆಯದಕ್ಕಿಂತ ಹೆಚ್ಚು' ಎನ್ನುವಾಗ ನಾವು ಬಾಡಿಗೆಯನ್ನು ಬಾಡಿಗೆಯೊಡನೆ ಹೋಲಿಸುತ್ತೇವೆ. ಇಂಗ್ಲಿಷಿನಲ್ಲಿ 'ಹೈಯರ್ ದ್ಯಾನ್ ಪುಣೆ' ಎಂದರೆ ಬಾಡಿಗೆಯನ್ನು ಊರಿನೊಡನೆ ಹೋಲಿಸಿದಂತಾಯಿತು. 'ದ್ಯಾನ್ ದಟ್ ಇನ್ ಪುಣೆ' ಎಂದರೆ ಸರಿ. ಹದಿಮೂರನೆಯ ಶತಮಾನದಲ್ಲಿಯೇ ಕೇಶಿರಾಜನ 'ಶಬ್ದಮಣಿದರ್ಪಣ'ದಂತಹ ವ್ಯಾಕರಣವನ್ನು ಪಡೆದ ಭಾಷೆಯ ಮಕ್ಕಳು ನಾವು. ಕರ್ತೃ, ಕರ್ಮ, ಕ್ರಿಯಾಪದಗಳನ್ನು ಶಾಲೆಯಲ್ಲಿ ಬಿಡಿಸಿ ಕಲಿತವನಿಗೆ ಈ ವಿದ್ಯೆ ಹೊಸದಲ್ಲ.

ಕನ್ನಡ ಕೈಹಿಡಿಯದ ಕಡೆಗಳೂ ಉಂಟು. ಅವನ್ನು ಮುಚ್ಚಿಡುವುದು ಸಲ್ಲದು. 'ಎ', 'ದಿ' ಎಂಬ ಪದಗಳಿಗೆ ನಮ್ಮಲ್ಲಿ ಸಮನಾದುದಿಲ್ಲ. ಓದಿ ಓದಿಯೇ ಅವುಗಳ ಬಳಕೆಯನ್ನು ಅರಿಯಬೇಕು. ಕನ್ನಡದಲ್ಲಿ ಪ್ರತ್ಯಯವು ಶಬ್ದದ ಸಂಗಡವೇ ಇರುವುದರಿಂದ ಶಬ್ದಗಳನ್ನು ಹಿಂದುಮುಂದಾಗಿಸಿದರೂ ಸಂಬಂಧ ಬಹುಮಟ್ಟಿಗೆ ಕೆಡದು. ಇಂಗ್ಲಿಷಿನಲ್ಲಿ ಸ್ಥಾನವೇ ಸಂಬಂಧ. 'ಸ್ಟೀಮಿಂಗ್ ಹಾಟ್, ದಿ ಕಸ್ಟಮರ್ ಏಟ್ ದಿ ಇಡ್ಲಿ' ಎಂದು ಬರೆದರೆ ಹಬೆಯಾಡುವುದು ಇಡ್ಲಿಯಲ್ಲ, ಗಿರಾಕಿ! ಇನ್ನು ಪಟ್ಟಿಯ ಸಮತೆ. ಹೋಟೆಲಿನ ಹಲಗೆಯ ಮೇಲೆ 'ಇಡ್ಲಿ, ದೋಸೆ, ಕಾಫಿ ಕುಡಿಯುವುದು' ಎಂದು ಯಾರೂ ಬರೆಯಿಸುವುದಿಲ್ಲ. ಒಂದು ಸಾಲಿನಲ್ಲಿ ನಿಂತವೆಲ್ಲ ಒಂದೇ ಜಾತಿಯ ಪದಗಳಾಗಿರಬೇಕೆಂಬ ನಿಯಮಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಬಲ್ಲ ನಮಗೆ ಇದಕ್ಕಿಂತ ಒಳ್ಳೆಯ ದೃಷ್ಟಾಂತ ತೋಚದು.

ಪರೀಕ್ಷೆಯಲ್ಲಿ ಇಲ್ಲದ ಪಾಠವೇಕೆ ಎಂದು ಕೇಳುವವರಿಗೆ ನಮ್ಮ ಉತ್ತರ ಇದು: ಪ್ರಶ್ನೆ ಹೋಗಿದೆ, ಅವಶ್ಯಕತೆ ಹೋಗಿಲ್ಲ. ನಾಲ್ಕು ಸಾಲಿನ ವಾಕ್ಯದಲ್ಲಿ ಮಾಡಿದವನಾರು, ಮಾಡಿದ್ದೇನು ಎಂದು ಕಾಣಲಾರದವನು ಅದರೊಳಗಿನ ವಾದದ ಬಲಾಬಲವನ್ನು ಎರಡೇ ನಿಮಿಷದಲ್ಲಿ ತೂಗಬಲ್ಲನೆ? ಪ್ರವೇಶಕ್ಕಾಗಿ ವಿದ್ಯಾಲಯಗಳು ಕೇಳುವ ಪ್ರಬಂಧಗಳನ್ನು ಬರೆಯುವವರಾರು? ಮುಂದೆ ಉದ್ಯೋಗದಲ್ಲಿ ಬರೆಯಬೇಕಾದ ಪತ್ರಗಳಲ್ಲಿ, ವರದಿಗಳಲ್ಲಿ, ಕರಾರುಗಳಲ್ಲಿ ಒಂದು 'ಇಟ್' ಯಾವುದಕ್ಕೆ ಅನ್ವಯಿಸುತ್ತದೆಂದು ತಿಳಿಯದೆ ಹೋದರೆ ಆಗುವ ನಷ್ಟ ಅಂಕಗಳದ್ದಲ್ಲ, ಹಣದ್ದು.

ಇದಕ್ಕೆ ಭಾರಿ ಶುಲ್ಕದ ತರಬೇತಿಯೇ ಬೇಕೆಂದಿಲ್ಲ. ದಿನಕ್ಕೆ ಅರ್ಧ ತಾಸು ಸಾಕು. ಇಂಗ್ಲಿಷ್ ಪತ್ರಿಕೆಯ ವಾಣಿಜ್ಯ ಪುಟದಿಂದ ಒಂದು ಉದ್ದನೆಯ ವಾಕ್ಯವನ್ನು ಆರಿಸಿಕೊಳ್ಳಿರಿ. ಮೊದಲು ಕ್ರಿಯಾಪದವನ್ನು ಹಿಡಿಯಿರಿ. ಅದನ್ನು ಮಾಡಿದವನಾರೆಂದು ಕೇಳಿರಿ. ನಡುವಿನ ವಿಶೇಷಣಗಳಿಗೆ ಪೆನ್ಸಿಲಿನಿಂದ ಗೆರೆ ಎಳೆದು ಉಳಿದ ಅಸ್ಥಿಪಂಜರವನ್ನು ಓದಿರಿ. ಆಮೇಲೆ ಒಂದೊಂದು ಸರ್ವನಾಮವೂ ಯಾವ ನಾಮಪದಕ್ಕೆ ಸೇರಿದುದೆಂದು ಬೆರಳಿಟ್ಟು ತೋರಿಸಿರಿ. ಹಳೆಯ ಪರೀಕ್ಷೆಯ ಅಧಿಕೃತ ಪ್ರಶ್ನಪುಸ್ತಕಗಳು ಹಳೆಯ ಪುಸ್ತಕದಂಗಡಿಗಳಲ್ಲಿ ಹುಡುಕಿದರೆ ಸಿಕ್ಕಾವು. ರದ್ದಿಯೆಂದು ಬಿಡದೆ ಕೊಂಡುಕೊಳ್ಳಿರಿ. ತಿದ್ದುವಾಗ ಉತ್ತರವನ್ನು ಗುರುತಿಸಿದರೆ ಸಾಲದು. ಉಳಿದ ನಾಲ್ಕು ಏಕೆ ತಪ್ಪೆಂಬುದನ್ನು ಕನ್ನಡದಲ್ಲಿಯೇ ಬರೆಯಿರಿ. ಕಾರಣವನ್ನು ತನ್ನ ಭಾಷೆಯಲ್ಲಿ ಹೇಳಬಲ್ಲವನಿಗೆ ನಿಯಮ ಮರೆಯದು.

ಹಗಲು ಹೋಟೆಲುಗಳಲ್ಲಿ ದುಡಿದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ವಕೀಲರೂ ಬ್ಯಾಂಕ್ ಅಧಿಕಾರಿಗಳೂ ಆದವರು ಈ ಮುಂಬಯಿಯಲ್ಲಿ ಆಗಿಹೋಗಿದ್ದಾರೆ. ಅವರು ಇಂಗ್ಲಿಷನ್ನು ಕಿವಿಯಿಂದ ಕಲಿಯಲಿಲ್ಲ, ವ್ಯಾಕರಣದಿಂದ ಕಲಿತರು. ನಮ್ಮ ಸಂಘ ಸಂಸ್ಥೆಗಳು ವಾರ್ಷಿಕೋತ್ಸವದ ಮಂಟಪಕ್ಕೆ ಮಾಡುವ ವೆಚ್ಚದ ಒಂದಂಶವನ್ನು ಮೀಸಲಿಟ್ಟು, ನಿವೃತ್ತ ಉಪಾಧ್ಯಾಯರಿಂದ ರವಿವಾರಕ್ಕೊಂದು ವಾಕ್ಯಶುದ್ಧಿಯ ವರ್ಗವನ್ನು ನಡೆಸಲಿ. ಸಭಾಗೃಹಗಳಿವೆ, ಬಲ್ಲವರಿದ್ದಾರೆ, ಕಲಿಯಬೇಕಾದ ಮಕ್ಕಳಿದ್ದಾರೆ. ಮನಸ್ಸೊಂದು ಬೇಕಾಗಿದೆ.